ಅಪ್ಪನ ಗೂಡು ಬೇರೆ ಇರಲಿ

ಗಿನಿಪಿಗ್ ಮರಿ ಹಾಕಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, "ಗಂಡು ಎಲ್ಲಿದೆ?" ಆ ಕಡೆಯಿಂದ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಇಲ್ಲೇ ಗೂಡಲ್ಲೇ ಉಂಟು ಡಾಕ್ಟ್ರೇ. ಪಾಪ, ಎಷ್ಟು ಕಾಳಜಿ ಗೊತ್ತುಂಟಾ ಅದಕ್ಕೆ! ತಾಯಿಯ ಹಿಂದೆಯೇ ತಿರುಗ್ತಾ ಉಂಟು."

ಅದು ಕಾಳಜಿ ಅಲ್ಲ ಮಾರಾಯ್ರೇ. ತಾಯಿ ಮತ್ತೆ ಬೆದೆಗೆ ಬಂದಿದೆ.

ಇದನ್ನು ಹೇಳಿದಾಗ ಜನ ನನ್ನನ್ನು ಒಂಥರಾ ನೋಡುತ್ತಾರೆ. ಮರಿಯ ಮೈ ಇನ್ನೂ ಪೂರ್ತಿ ಒಣಗಿಲ್ಲ, ಅಷ್ಟರಲ್ಲಿ ಬೆದೆಯಾ? ಹೌದು. ಹಸು ಕರು ಹಾಕಿದ ಮೇಲೆ ಮತ್ತೆ ಬೆದೆಗೆ ಬರಲು ತಿಂಗಳ ಮೇಲಾಗುತ್ತದೆ. ನಾಯಿಗೆ ಇನ್ನೂ ಜಾಸ್ತಿ ಸಮಯ ಬೇಕು. ಗಿನಿಪಿಗ್ ಹಾಗಲ್ಲ. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಬೆದೆಗೆ ಬರುತ್ತದೆ. ಗಂಡು ಪಕ್ಕದಲ್ಲಿದ್ದರೆ ಅದೇ ದಿನ ಮತ್ತೆ ಗಬ್ಬ. "ನಾಳೆ ಬೇರೆ ಮಾಡ್ತೇವೆ ಡಾಕ್ಟ್ರೇ, ಇವತ್ತು ಇನ್ನೊಂದು ಗೂಡಿಲ್ಲ" ಎನ್ನುವವರಿಗೆ ನಾನು ಹೇಳುವುದು, ಗೂಡು ಬೇಡ, ರಟ್ಟಿನ ಪೆಟ್ಟಿಗೆ ಸಾಕು, ಬಟ್ಟೆ ಒಗೆಯುವ ಟಬ್ ಆದರೂ ಆದೀತು, ಈಗಲೇ ತೆಗೆಯಿರಿ. ನಿಜ ಹೇಳಬೇಕೆಂದರೆ ಈಗ ತೆಗೆಯುವುದೂ ತಡವೇ. ಹೊಟ್ಟೆ ಎರಡೂ ಬದಿಗೆ ಉಬ್ಬಿ ಕಾಣಲು ಶುರುವಾದಾಗಲೇ ಗಂಡು ಬೇರೆ ಆಗಬೇಕಿತ್ತು.

ಗಂಡನ್ನು ತೆಗೆದರೂ ಲೆಕ್ಕ ಮುಗಿಯಲಿಲ್ಲ. ಗಂಡು ಮರಿಗಳು 3 ವಾರ ಆಗುತ್ತಿದ್ದ ಹಾಗೆ ತಾಯಿಯನ್ನೂ ತಂಗಿಯರನ್ನೂ ಹತ್ತಲು ನೋಡುತ್ತವೆ. ಹೆಣ್ಣು ಮರಿ 4 ವಾರಕ್ಕೇ ಬೆದೆಗೆ ಬರಬಹುದು. ಅಣ್ಣ, ತಂಗಿ, ಅಮ್ಮ ಎಂಬ ಸಂಬಂಧಗಳೆಲ್ಲ ನಮಗೆ, ಅವಕ್ಕಲ್ಲ. ಆದ್ದರಿಂದ 21ನೇ ದಿನ ಗಂಡು ಮರಿಗಳು ತಾಯಿಯ ಗೂಡಿನಿಂದ ಹೊರಗೆ. ಒಂದು ದಿನ ಮೊದಲಾದರೆ ಅಡ್ಡಿಯಿಲ್ಲ, ಒಂದು ವಾರ ತಡವಾದರೆ ಅಡ್ಡಿಯುಂಟು.

ಒಂದು ಸಣ್ಣ ಲೆಕ್ಕ ಹಾಕೋಣ. ಮಗನ ಹುಟ್ಟುಹಬ್ಬಕ್ಕೆ ಒಂದು ಜೋಡಿ ತಂದಿರಿ. ಹೆಣ್ಣು 3 ಮರಿ ಹಾಕಿತು, ಅದರಲ್ಲಿ 2 ಹೆಣ್ಣು. ಅದೇ ದಿನ ತಾಯಿ ಮತ್ತೆ ಗಬ್ಬ ಆಯಿತು. ಇವುಗಳ ಗಬ್ಬದ ಅವಧಿ 59ರಿಂದ 72 ದಿನ. ಅಂದರೆ ಎರಡು ತಿಂಗಳು ಚಿಲ್ಲರೆಯಲ್ಲಿ ಇನ್ನೊಂದು 3. ಮೊದಲ ಸೂಲಿನ ಹೆಣ್ಣು ಮರಿಗಳು ತಿಂಗಳು ತುಂಬುವಾಗಲೇ ಗಬ್ಬವಾದರೆ, ಮೂರು ತಿಂಗಳು ದಾಟುವ ಹೊತ್ತಿಗೆ ಅವುಗಳದ್ದೂ ತಲಾ 2. ಒಟ್ಟು 12. ಇದು ಪುಸ್ತಕದ ಲೆಕ್ಕ, ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ ಎಂದಲ್ಲ. ಆದರೆ ನಮ್ಮ ಮಂಗಳೂರಿನ ಕಂಕನಾಡಿಯ ಒಂದು ಫ್ಲ್ಯಾಟಿನಲ್ಲಿ ಬಾಲ್ಕನಿ ತುಂಬ ಗಿನಿಪಿಗ್, ಬಟ್ಟೆ ಒಣಗಿಸಲು ಜಾಗವಿಲ್ಲ, ಕೆಳಗಿನ ಮನೆಯವರ ಜೊತೆ ವಾಸನೆಯ ಜಗಳ, ಇದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆಯ ಯಜಮಾನರು ಕೇಳಿದ್ದು ಒಂದೇ ಮಾತು: "ಇದಕ್ಕೆ ಏನಾದರೂ ಇಂಜೆಕ್ಷನ್ ಉಂಟಾ?"

ಇಂಜೆಕ್ಷನ್ ಇಲ್ಲ. ಪೆಟ್ಟಿಗೆ ಉಂಟು.

ಜಾಗದ ತೊಂದರೆ ಹಾಗಿರಲಿ. ನನಗೆ ಸಿಟ್ಟು ಬರುವುದು ತಾಯಿಯ ಸ್ಥಿತಿ ನೋಡಿ. ಗಿನಿಪಿಗ್ ಮರಿ ಇಲಿಮರಿಯಂತೆ ಕೆಂಪಗೆ, ಕಣ್ಣು ಮುಚ್ಚಿಕೊಂಡು ಹುಟ್ಟುವುದಿಲ್ಲ. ಇಲಿ ಮೂರು ವಾರದಲ್ಲಿ ಮರಿ ಹಾಕಿದರೆ ಇದು ಎರಡು ತಿಂಗಳ ಮೇಲೆ ಹೊಟ್ಟೆಯಲ್ಲೇ ಇಟ್ಟುಕೊಂಡು ಬೆಳೆಸುತ್ತದೆ. ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು, ಬಾಯಲ್ಲಿ ಹಲ್ಲು. ಒಂದೊಂದು ಮರಿ 60ರಿಂದ 100 ಗ್ರಾಂ ತೂಗುತ್ತದೆ. ತಾಯಿಯ ತೂಕ ಎಷ್ಟು? ಮುಕ್ಕಾಲು ಕಿಲೋ, ಜಾಸ್ತಿ ಅಂದರೆ ಒಂದು ಕಿಲೋ. ಅಷ್ಟು ಸಣ್ಣ ಜೀವ ಅಂಥ ಮೂರು ನಾಲ್ಕು ಮರಿ ಹೊತ್ತು, ಹೆತ್ತು, ಹಾಲು ಕೊಡುತ್ತಾ ಅದೇ ದಿನದಿಂದ ಇನ್ನೊಂದು ಸೂಲು ಹೊರಬೇಕು. ನನ್ನ ಟೇಬಲ್ ಮೇಲೆ ಬರುವಾಗ ಅದರ ಬೆನ್ನುಮೂಳೆ ಬೆರಳಿಗೆ ಒಂದೊಂದಾಗಿ ಸಿಗುತ್ತಿರುತ್ತದೆ, ಸೊಂಟದ ಎರಡೂ ಬದಿ ಕೂದಲು ಉದುರಿರುತ್ತದೆ. "ಚೆನ್ನಾಗಿ ತಿನ್ನುತ್ತದೆ ಡಾಕ್ಟ್ರೇ, ಆದರೂ ಯಾಕೋ ಬಡವಾಗಿದೆ" ಎನ್ನುತ್ತಾರೆ. ಗೂಡಿನ ಮೂಲೆಯಲ್ಲಿ ಯಜಮಾನ ದುಂಡಗೆ ಕೂತಿರುತ್ತಾನೆ.

ಇನ್ನೊಂದು ವಿಷಯವನ್ನು ಜನ ಅರ್ಧ ಕೇಳಿಕೊಂಡು ಬಂದಿರುತ್ತಾರೆ. ಹೆಣ್ಣು ಗಿನಿಪಿಗ್‌ಗೆ ಮೊದಲ ಹೆರಿಗೆ ಆರೇಳು ತಿಂಗಳ ಪ್ರಾಯದ ಒಳಗೆ ಆಗದಿದ್ದರೆ ಸೊಂಟದ ಮುಂಭಾಗದ ಎಲುಬಿನ ಸಂದು ಗಟ್ಟಿಯಾಗಿ ಕೂಡಿಕೊಳ್ಳಬಹುದು. ಆಮೇಲೆ ಗಬ್ಬವಾದರೆ ಮರಿ ಹೊರಬರಲು ಜಾಗವಿರುವುದಿಲ್ಲ, ಸಿಸೇರಿಯನ್ ಬೇಕಾಗಬಹುದು, ತಾಯಿ ಉಳಿಯುವ ಭರವಸೆ ಕೊಡಲು ಆಗುವುದಿಲ್ಲ. ಇದು ನಿಜ. ಇದರಿಂದ ಜನ ತೆಗೆಯುವ ಅರ್ಥ, "ಹಾಗಾದರೆ ಬೇಗ ಒಂದು ಸಲ ಮರಿ ಹಾಕಿಸುವುದು ಒಳ್ಳೆಯದು." ಅಲ್ಲ. ಮರಿಯೇ ಹಾಕದೆ ಇರುವ ಹೆಣ್ಣಿಗೆ ಇದರಿಂದ ಏನೂ ತೊಂದರೆಯಿಲ್ಲ. ದೊಡ್ಡ ಪ್ರಾಯದ ಹೆಣ್ಣಿನ ಗೂಡಿಗೆ ಗಂಡನ್ನು ಬಿಡಬೇಡಿ, ಅಷ್ಟೇ ಅದರ ಅರ್ಥ.

ಇಷ್ಟು ಹೇಳಿದ ಮೇಲೆ ಬರುವ ಪ್ರಶ್ನೆ: "ನಮ್ಮಲ್ಲಿ ಗಂಡೇ ಇಲ್ಲ, ಎರಡೂ ಹೆಣ್ಣು. ಅಂಗಡಿಯವರೇ ಹೇಳಿದ್ದಾರೆ." ಅಂಗಡಿಯವರು ಹೇಳುತ್ತಾರೆ. ಅವರೂ ನೋಡಿರುವುದಿಲ್ಲ. ಕೆಲವೊಮ್ಮೆ ಎರಡೂ ಹೆಣ್ಣೇ ಆಗಿರುತ್ತವೆ, ಆದರೆ ಅಂಗಡಿಯಲ್ಲೇ ಗಬ್ಬವಾಗಿ ಬಂದಿರುತ್ತದೆ. ಹೊಸದಾಗಿ ತಂದಾಗ ಒಮ್ಮೆ ಯಾರಾದರೂ ಗೊತ್ತಿರುವವರಿಗೆ ತೋರಿಸಿ. ನೋಡುವುದು ಕಷ್ಟವಲ್ಲ. ಮರಿಯನ್ನು ಅಂಗೈ ಮೇಲೆ ಕೂರಿಸಿ, ಎದೆಗೆ ಒಂದು ಕೈಯ ಆಸರೆ ಕೊಟ್ಟು ಹಿಂಭಾಗ ನೋಡಬೇಕು. ಹೆಣ್ಣಿನಲ್ಲಿ ಇಂಗ್ಲಿಷಿನ ವೈ ಅಕ್ಷರದಂಥ ಗೆರೆ ಕಾಣುತ್ತದೆ. ಗಂಡಿನಲ್ಲಿ ಸಣ್ಣ ಐ ಅಕ್ಷರದ ಹಾಗೆ ಮೇಲೊಂದು ಚುಕ್ಕೆ, ಕೆಳಗೊಂದು ಗೆರೆ. ಚುಕ್ಕೆಯ ಸ್ವಲ್ಪ ಮೇಲೆ, ಹೊಟ್ಟೆಯ ಕಡೆಗೆ, ಬೆರಳಿನಿಂದ ಮೆಲ್ಲ ಒತ್ತಿದರೆ ಗಂಡಾದರೆ ಅದು ಹೊರಗೆ ಬಂದು ತೋರಿಸಿಯೇ ಬಿಡುತ್ತದೆ. ಮೆಲ್ಲ ಎಂದರೆ ಮೆಲ್ಲ. ಧೈರ್ಯವಿಲ್ಲದಿದ್ದರೆ ಬಿಡಿ, ನಮ್ಮಲ್ಲಿಗೆ ತನ್ನಿ.

ಬೇರೆ ಮಾಡಲು ಜನರಿಗೆ ನಿಜವಾಗಿ ಅಡ್ಡ ಬರುವುದು ಗೂಡಿನ ಖರ್ಚಲ್ಲ, ಕನಿಕರ. ಉರ್ವದ ಒಬ್ಬ ಅಜ್ಜಿ ನನ್ನನ್ನು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡಿದ್ದರು. "ಅಪ್ಪನನ್ನು ಮಕ್ಕಳಿಂದ ದೂರ ಮಾಡುವುದು ಯಾವ ನ್ಯಾಯ ಮಗಾ?" ನಾನು ಹೇಳಿದೆ, "ಅಮ್ಮಾ, ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟು ನೆನಪು ಮಾಡಿಕೊಳ್ಳಿ. ಮಕ್ಕಳು ಅಮ್ಮನ ಕುಟುಂಬದವರು. ಅಪ್ಪನ ಕುಟುಂಬ ಬೇರೆ." ಅಜ್ಜಿ ನಕ್ಕರು, ಮತ್ತೆ ವಾದಕ್ಕೆ ಬರಲಿಲ್ಲ. ಕನಿಕರ ತಪ್ಪಲ್ಲ. ಗಿನಿಪಿಗ್ ಒಂಟಿಯಾಗಿ ಬದುಕುವ ಪ್ರಾಣಿಯೂ ಅಲ್ಲ. ಎರಡು ಗೂಡುಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಕಾಣುತ್ತವೆ, ಸಿಳ್ಳೆ ಹೊಡೆದು ಮಾತಾಡಿಕೊಳ್ಳುತ್ತವೆ. ಮೂರು ವಾರ ಕಳೆದ ಮೇಲೆ ಗಂಡು ಮರಿಯನ್ನು ಅಪ್ಪನ ಗೂಡಿಗೆ ಬಿಡಬಹುದು. ಬಹಳಷ್ಟು ಸಲ ಹೊಂದಿಕೊಳ್ಳುತ್ತವೆ. ಹೊಂದದೆ ಹಲ್ಲು ಕಟಕಟ ಮಾಡಿ ಕಚ್ಚಾಡಿದರೆ ಮತ್ತೆ ಬೇರೆ ಮಾಡಬೇಕಾಗುತ್ತದೆ, ಅದಕ್ಕೂ ತಯಾರಿರಿ. ಗಂಡಿಗೆ ಆಪರೇಷನ್ ಮಾಡಿಸಬಹುದು. ಆದರೆ ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವುದು ಎಲ್ಲ ಕಡೆ ಮಾಡುವ ಕೆಲಸವಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಆಪರೇಷನ್ ಆದ ಮಾರನೇ ದಿನವೇ ಹೆಣ್ಣಿನ ಜೊತೆ ಬಿಡಬೇಡಿ. ಬೀಜ ತೆಗೆದರೂ ನಾಲ್ಕಾರು ವಾರ ಅದರಿಂದ ಗಬ್ಬ ಆಗಬಹುದು. ಈ ಮಾತನ್ನು ಡಿಸ್‌ಚಾರ್ಜ್ ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಎಳೆದು ಕೊಟ್ಟರೂ ಓದುವುದಿಲ್ಲ ಜನ.

ಓದುವವರೂ ಇದ್ದಾರೆ. ಬಿಜೈಯಲ್ಲಿ ಒಬ್ಬರು ನಿವೃತ್ತ ಬ್ಯಾಂಕಿನವರು. ಮೊಮ್ಮಗಳ ಗಿನಿಪಿಗ್ ಮರಿ ಹಾಕಿದಾಗ ನಾನು ಹೇಳಿದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದರು. ಹಾಲಿನ ಪ್ಯಾಕೆಟ್ಟಿನ ಲೆಕ್ಕ, ಗ್ಯಾಸ್ ಬಂದ ದಿನ, ಅದರ ಕೆಳಗೆ ಕೆಂಪು ಶಾಯಿಯಲ್ಲಿ "ಗಂಡು ಮರಿ ಬೇರೆ, ಮರೆಯಬಾರದು". ಅವರು ದಿನಾ ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಟ್ಟಲಿಟ್ಟು ಮರಿಗಳ ತೂಕವನ್ನೂ ಬರೆಯುತ್ತಿದ್ದರು. ಎಲ್ಲರೂ ಹೀಗೆ ಮಾಡಿದರೆ ನನ್ನ ಅರ್ಧ ಕೆಲಸ ಕಡಿಮೆ. ಮೊದಲ ಒಂದೆರಡು ದಿನ ತೂಕ ಸ್ವಲ್ಪ ಇಳಿದರೂ ಆಮೇಲೆ ದಿನಕ್ಕೆ ಮೂರು ನಾಲ್ಕು ಗ್ರಾಂ ಏರಬೇಕು. ಏರದಿದ್ದರೆ ಫೋನ್ ಮಾಡಿ.

ತೂಕ ನೋಡಲು ಹೇಳುವುದು ಯಾಕೆಂದರೆ ಜನ ಸುಮ್ನೆ ಗಾಬರಿಯಾಗುತ್ತಾರೆ. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ ಕೂತಿದ್ದರೆ "ಹಾಲು ಕೊಡ್ತಿಲ್ಲ" ಎಂದು ಡ್ರಾಪರ್‌ನಲ್ಲಿ ದನದ ಹಾಲು ಹಿಡಿಯುತ್ತಾರೆ. ಮಲಗಿಸಿ ಹಿಡಿದು ಬಾಯಿಗೆ ಬಿಟ್ಟರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ, ಮರಿ ಉಳಿಯುವುದು ಕಷ್ಟ. ಗಿನಿಪಿಗ್ ತಾಯಿ ಬೆಕ್ಕಿನಂತೆ ಮರಿಗಳನ್ನು ತಬ್ಬಿಕೊಂಡು ಮಲಗುವುದಿಲ್ಲ. ಅದಕ್ಕೆ ಮೊಲೆ ಎರಡೇ. ನಾಲ್ಕು ಮರಿ ಇದ್ದರೆ ಸರದಿಯಲ್ಲಿ ಕುಡಿಯುತ್ತವೆ. ಮರಿ ಮಾರನೇ ದಿನದಿಂದಲೇ ತಾಯಿ ತಿನ್ನುವ ಹುಲ್ಲು, ಸೊಪ್ಪು ಕಡಿಯಲು ಶುರು ಮಾಡುತ್ತದೆ. ಹಾಗೆಂದು ಹಾಲು ಬಿಡಿಸಬೇಡಿ, ಎರಡು ಮೂರು ವಾರ ಅದೂ ಬೇಕು. ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬ ಭಯವೂ ಬೇಡ. ಮಕ್ಕಳ ಕೈಯಿಂದ ಕೈಗೆ ದಾಟಿಸುವ ಆಟ ಮಾತ್ರ ಬೇಡ.

ತಾಯಿ ಸತ್ತು ಮರಿ ಉಳಿದರೆ ಅದು ಬೇರೆಯೇ ಕಥೆ. ಎಳೆ ಮರಿ ಮೂತ್ರ ಮಾಡಲು ತಾಯಿ ನೆಕ್ಕಬೇಕು. ತಾಯಿ ಇಲ್ಲದಿದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ನೀವು ಒರೆಸಬೇಕು. ಅಂಥ ಮರಿಯನ್ನು ಅದೇ ದಿನ ತೋರಿಸಿ.

ಆಹಾರದ ಬಗ್ಗೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿದ್ದೇನೆ, ಆದರೂ ಒಂದು ಮಾತು. ನಮ್ಮ ಹಾಗೆಯೇ ಗಿನಿಪಿಗ್‌ಗೂ ವಿಟಮಿನ್ ಸಿ ತನ್ನ ಮೈಯಲ್ಲಿ ಮಾಡಿಕೊಳ್ಳಲು ಬರುವುದಿಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಗಬ್ಬದಲ್ಲೂ ಹಾಲೂಡುವಾಗಲೂ 30ರ ಲೆಕ್ಕವೇ ಸರಿ. ಕುಡಿಯುವ ನೀರಿಗೆ ಬೆರೆಸಿದರೆ ಅದು ಬೇಗ ಹಾಳಾಗುತ್ತದೆ. ಒಂದು ಸಣ್ಣ ತುಂಡು ಪೇರಳೆ, ಕ್ಯಾಪ್ಸಿಕಂ, ಕೊತ್ತಂಬರಿ ಸೊಪ್ಪು ಕೊಡಿ. ಹೊಟ್ಟೆ ತುಂಬಲು ಗರಿಕೆ ಹುಲ್ಲು, ಮದ್ದು ಹೊಡೆಯದ ಜಾಗದ್ದು. ಬರೀ ಬೈಹುಲ್ಲಿನಲ್ಲಿ ಸತ್ವವಿಲ್ಲ, ಅದು ಹಾಸಲು ಸಾಕು. ಹರಿವೆ, ಬಸಳೆ ದಿನಾ ಬೇಡ. ನಮ್ಮ ಮಳೆಗಾಲದಲ್ಲಿ ಒಣಹುಲ್ಲಿಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಮೂಗಿಗೆ ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೀಟಿನ ಕೆಳಗೆ ಗೂಡು ಇಡಬೇಡಿ, ಗಬ್ಬದ ಗಿನಿಪಿಗ್ ಈ ಸೆಕೆ ತಡೆಯುವುದಿಲ್ಲ. ಸರಳಿನ ನಡುವೆ ಮರಿ ನುಸುಳುತ್ತದೋ ನೋಡಿ. ಹೊರಗೆ ಹೆಗ್ಗಣ, ಬೆಕ್ಕು, ಕೇರೆ ಹಾವು ಎಲ್ಲ ಉಂಟು.

ಮನೆಯಲ್ಲಿ ಉಳಿದ ಮಗುವಿನ ಸಿರಪ್ ಕೊಡಬೇಡಿ. ಅಮೋಕ್ಸಿಸಿಲಿನ್‌ನಂಥ ಮದ್ದು ಬಾಯಿಗೆ ಹಾಕಿದರೆ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾಗಿ ಪ್ರಾಣವೇ ಹೋಗಬಹುದು. ಯಾವ ಮದ್ದು, ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ, ಪ್ರಾಣಿಯನ್ನು ನೋಡದೆ ಹೇಳುವ ಮಾತಲ್ಲ ಅದು. ಆದರೆ ಹೆರಿಗೆಗೆ ತಿಣುಕಲು ಶುರು ಮಾಡಿ 20 ನಿಮಿಷವಾದರೂ ಮರಿ ಬರದಿದ್ದರೆ, ರಕ್ತ ಹೋಗುತ್ತಲೇ ಇದ್ದರೆ ತಕ್ಷಣ ಹೊರಡಿ. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿ ತಿನ್ನುವುದು ಬಿಟ್ಟು ಮುದುಡಿ ಕೂತರೂ ಅಷ್ಟೇ. ದಪ್ಪಗಿರುವ ಹೆಣ್ಣುಗಳಲ್ಲಿ ಇದು ಜಾಸ್ತಿ. ಬೆಳಗ್ಗೆ ನೋಡೋಣ ಎಂದರೆ ಬೆಳಗ್ಗೆ ನೋಡಲು ಅದು ಇರುವುದಿಲ್ಲ.

ಮತ್ತೆ, ತಪಾಸಣೆಗೆ ಇಡೀ ಕುಟುಂಬವನ್ನು ತರುವವರು ಗಂಡನ್ನೂ ಹೆಣ್ಣನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ತರಬೇಡಿ. ಮನೆಯಲ್ಲಿ ಇಷ್ಟು ದಿನ ಬೇರೆ ಇಟ್ಟದ್ದೆಲ್ಲ ಪಂಪ್‌ವೆಲ್ಲಿನ ಒಂದು ಟ್ರಾಫಿಕ್ ಜಾಮಿನಲ್ಲಿ ನೀರುಪಾಲಾಗುತ್ತದೆ.