ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ?

'ಗಂಟಿಗೆ ಸೂಜಿ ಹಾಕಿಸಬೇಡ, ಕೆದಕಿದರೆ ಮೈಯೆಲ್ಲಾ ಹರಡುತ್ತೆ.' ಸ್ತನದಲ್ಲಿ ಗಂಟು ಕಂಡು, ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆಗೆ ಹೊರಟ ಹೆಂಗಸಿಗೆ ಈ ಬುದ್ಧಿವಾದ ಹೇಳುವವರಿಗೆ ಬರವಿಲ್ಲ. ಓದಿಕೊಂಡವರೂ ಹೇಳುತ್ತಾರೆ, ಸಿಟ್ಟು ಬರುವುದು ಅದಕ್ಕೇ. ಕ್ಯಾನ್ಸರ್ ಎಂದರೆ ಕೀವು ತುಂಬಿದ ಕುರು, ಒಡೆದರೆ ಸೋರಿಬಿಡುತ್ತದೆ ಎಂದು ಇವರ ಲೆಕ್ಕ.

ಅಸಲಿಗೆ, ಜಾಗ ಬಿಟ್ಟು ಕದಲಿದ ಕೋಶಕ್ಕೆ ಬದುಕುವುದೇ ಕಷ್ಟ. ಹಾಲಿನ ನಾಳದ ಕೋಶಗಳು ಇಂಟಿಗ್ರಿನ್ ಎಂಬ ಪ್ರೋಟೀನುಗಳಿಂದ ತಳದ ಪೊರೆಗೆ ಕಚ್ಚಿಕೊಂಡಿರುತ್ತವೆ. ಆ ಹಿಡಿತ ಇರುವಷ್ಟು ಹೊತ್ತು ಒಳಗೆ ಫ್ಯಾಕ್, ಸಾರ್ಕ್ ಎಂಬ ಕೈನೇಸ್ ಕಿಣ್ವಗಳು ಚುರುಕಾಗಿರುತ್ತವೆ. ಕೈನೇಸಿನ ಕಸುಬು ಒಂದೇ: ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನಿಗೋ ಪೊರೆಯ ಕೊಬ್ಬಿಗೋ ಅಂಟಿಸುವುದು. ಅಷ್ಟಕ್ಕೇ ಮುಂದಿನ ಕಿಣ್ವ ಎಚ್ಚರಗೊಳ್ಳುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ. ಹೀಗೆ ಪಿಐ3ಕೆ, ಆಕ್ಟ್ ಎಂಬ ಕೈನೇಸುಗಳ ತನಕ ಹೋಗುವ ಸರಣಿ ಕೋಶವನ್ನು ಜೀವಂತ ಇಡುತ್ತದೆ. ಹಿಡಿತ ತಪ್ಪಿತೋ, ಸರಣಿ ನಿಲ್ಲುತ್ತದೆ, ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಇದಕ್ಕೆ ಅನೋಯ್ಕಿಸ್ ಎಂದು ಹೆಸರು.

ಹರಡುವ ಕೋಶ ಈ ಮರಣದಂಡನೆಯಿಂದ ಪಾರಾಗಿರಬೇಕು. ನೂರರಲ್ಲಿ 15ರಿಂದ 20 ಸ್ತನ ಕ್ಯಾನ್ಸರುಗಳಲ್ಲಿ ಹರ್-2 ಎಂಬ ಕೈನೇಸ್ ಅತಿಯಾಗಿರುತ್ತದೆ. ಎರಡು ಪ್ರತಿ ಇರಬೇಕಾದ ಜೀನು ಹತ್ತಾರು ಪ್ರತಿಗಳಾಗಿ, ಪೊರೆಯ ಮೇಲೆ ಹರ್-2 ಕಿಕ್ಕಿರಿದು, ಪರಸ್ಪರ ಜೋಡಿಯಾಗಿ ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಹೊರಗಿನಿಂದ ಯಾರೂ ಕರೆಯಬೇಕಿಲ್ಲ. ಹಿಡಿತ ತಪ್ಪಿದರೂ ಆಕ್ಟ್ ಮಲಗುವುದಿಲ್ಲ. ಇನ್ನು ಕೆಲವು ಗಂಟುಗಳಲ್ಲಿ ಪಿಐ3ಕೆಯ ಜೀನೇ ಕೆಟ್ಟಿರುತ್ತದೆ, ಅಥವಾ ಅದು ಅಂಟಿಸಿದ ಫಾಸ್ಫೇಟನ್ನು ಕಿತ್ತುಹಾಕುವ ಪಿಟೆನ್ ಕಿಣ್ವ ಕಾಣೆಯಾಗಿರುತ್ತದೆ. ಸೂಜಿ ಎಳೆದ ದಾರಿಯಲ್ಲಿ ಒಂದಷ್ಟು ಕೋಶಗಳು ಜಾರುವುದುಂಟು, ಅವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ದೂರ ಹೋಗುವ ತಾಕತ್ತು ಸೂಜಿ ಕೊಟ್ಟದ್ದಲ್ಲ.

ಕೈನೇಸುಗಳ ಈ ಕಥೆ ಶುರುವಾದದ್ದು ಕೋಳಿಯಿಂದ! 1911ರಲ್ಲಿ ನ್ಯೂಯಾರ್ಕಿನ ವಿಜ್ಞಾನಿ ಪೇಟನ್ ರೌಸ್ ಕೋಳಿಯ ಗಂಟನ್ನು ಅರೆದು ಸೋಸಿ, ಆ ರಸದಿಂದಲೇ ಬೇರೆ ಕೋಳಿಗೆ ಗಂಟು ಬರಿಸಿದರು. ರಸದಲ್ಲಿ ಇದ್ದದ್ದು ಒಂದು ವೈರಸ್, ಅದು ಹೊತ್ತದ್ದು ಸಾರ್ಕ್ ಜೀನು. ಆ ಜೀನು ಮೂಲತಃ ಕೋಳಿಯದೇ ಸ್ವಂತದ್ದು ಎಂದು ವಿಜ್ಞಾನಿಗಳಾದ ಬಿಷಪ್ ಮತ್ತು ವಾರ್ಮಸ್ 1976ರಲ್ಲಿ ತೋರಿಸಿದರು. ಸಾರ್ಕ್ ಫಾಸ್ಫೇಟ್ ಅಂಟಿಸುವುದು ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಎಂಬುದು ಗೊತ್ತಾದದ್ದು ವಿಜ್ಞಾನಿ ಟೋನಿ ಹಂಟರ್ ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಮತ್ತೆ ಮತ್ತೆ ಬಳಸಿದ ಹಳೇ ದ್ರಾವಣದ ದಯೆ. ಅದರ ಪಿಎಚ್ ಇಳಿದಿತ್ತು, ಒಂದೇ ಚುಕ್ಕೆಯಾಗಿ ಕಾಣುತ್ತಿದ್ದ ಎರಡು ಅಮೈನೋ ಆಮ್ಲಗಳು ಬೇರ್ಪಟ್ಟವು. ಹೊಸ ದ್ರಾವಣ ಮಾಡಿಕೊಳ್ಳದ ಸೋಮಾರಿತನಕ್ಕೆ ಜೈ ಅನ್ನಬೇಕು!

ಹರ್-2ಕ್ಕೆ ಅಡ್ಡ ನಿಲ್ಲುವ ಔಷಧ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. 2014ರಿಂದ ಬೆಂಗಳೂರಿನ ಬಯೋಕಾನ್ ಕಂಪನಿ ತಯಾರಿಸಿದ್ದೂ ಭಾರತದಲ್ಲಿ ಸಿಗುತ್ತಿದೆ. ಆದರೆ ಯಾರಿಗೆ ಕೊಡಬೇಕೆಂದು ಗೊತ್ತಾಗುವುದು ಅದೇ ಸೂಜಿ ತೆಗೆದ ಚೂರಿಗೆ ಬಣ್ಣ ಹಾಕಿ ನೋಡಿದಾಗ. ಬಣ್ಣ ಎಷ್ಟು ಗಾಢವೋ ಅಷ್ಟು ಅಂಕ: 3+ ಬಂದರೆ ಹರ್-2 ಅತಿಯಾಗಿದೆ ಎಂದರ್ಥ. 2+ ಬಂದರೆ ಖಚಿತವಿಲ್ಲ, ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನು ಎಣಿಸುತ್ತಾರೆ.