ಹಳೆಯ ಗೋರಿಗಳ ಫೋಟೊ: ಕರಾವಳಿಯ ತಕರಾರಿನ ಹಿನ್ನೆಲೆ

ಕಾರವಾರದಿಂದ ಭಟ್ಕಳದವರೆಗಿನ ಹಳೆಯ ಸ್ಮಶಾನಗಳಲ್ಲಿ ಫೋಟೊ ತೆಗೆಯುವ ಮಾತು ಬಂದಾಗಲೆಲ್ಲ ಮೂರು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಅಕ್ಷರ ಕಾಣಲೆಂದು ಕಲ್ಲು ತಿಕ್ಕಬಹುದೇ? ಯಾರ ಅನುಮತಿ ಬೇಕು? ಚಿತ್ರವನ್ನು ಎಲ್ಲರೂ ನೋಡುವಲ್ಲಿ ಹಾಕಬಹುದೇ? ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು. ಒಂದಕ್ಕೆ ಹೇಳಬೇಕಾದ ಉತ್ತರವನ್ನು ಇನ್ನೊಂದಕ್ಕೆ ಹೇಳುತ್ತ ಬಂದದ್ದರಿಂದ ಗಂಟು ಬಿಗಿದಿದೆ.

ಭಟ್ಕಳದಲ್ಲಿ 1637, 1638ರ ಇಂಗ್ಲಿಷ್ ವರ್ತಕರ ಮತ್ತು ಒಬ್ಬ ಶಸ್ತ್ರವೈದ್ಯನ ಗೋರಿಗಳಿವೆ. ಅವುಗಳ ಬರಹ 1883ರ ಮುಂಬಯಿ ಗ್ಯಾಝೆಟಿಯರಿನಲ್ಲಿ, ಅಂದರೆ ಸರ್ಕಾರದ ಜಿಲ್ಲಾ ವಿವರಗಳ ಗ್ರಂಥದಲ್ಲಿ, ಅಚ್ಚಾಯಿತು. ಆಗ ಕೈಬರಹದ ನಕಲೇ ದಾಖಲೆ. ಆಮೇಲೆ ಶಾಸನ ತಜ್ಞರ ಪಡಿಯಚ್ಚು, 1947ರ ನಂತರ ಹೆಚ್ಚಿನ ಕಡೆ ಬರೀ ಮರೆವು, ಕೊನೆಗೆ ಕ್ಯಾಮೆರಾ. ಗೋರಿಗಳ ಚಿತ್ರ ಸೇರಿಸುವ ಜಾಲತಾಣ ‘ಫೈಂಡ್ ಎ ಗ್ರೇವ್’ 1995ರಲ್ಲೂ, ಜಿಪಿಎಸ್ ಗುರುತಿನೊಂದಿಗೆ ಸೇರಿಸುವ ‘ಬಿಲಿಯನ್‌ಗ್ರೇವ್ಸ್’ 2011ರಲ್ಲೂ ಶುರುವಾದವು. ಅಲ್ಲಿಂದೀಚೆಗೆ ಫೋನು ಇದ್ದವರೆಲ್ಲ ದಾಖಲೆಗಾರರು. ಅದು ಒಳ್ಳೆಯದೇ. ತೊಂದರೆ ಬಂದದ್ದು ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಅಕ್ಷರವೂ ಓದಲು ಸಿಗಬೇಕೆಂಬ ಆತುರದಿಂದ.

ತಿಕ್ಕುವ ಅಭ್ಯಾಸದ ಬೇರು ಬೇರೆ. ಒದ್ದೆ ಕಾಗದವನ್ನು ಬ್ರಷ್ಷಿನಿಂದ ಬಡಿದು ಶಾಯಿ ಒತ್ತುವ ಪಡಿಯಚ್ಚನ್ನು ಗಟ್ಟಿ ಕಲ್ಲಿನ ಶಾಸನ ತಾಳಿಕೊಳ್ಳುತ್ತದೆ. ನಮ್ಮ ಕರಾವಳಿಯ ಗೋರಿ ಹಾಗಲ್ಲ. ಒಳಗೆ ಚಿರೇಕಲ್ಲು (ಜಂಬಿಟ್ಟಿಗೆ), ಮೇಲೆ ಸುಣ್ಣದ ಗಾರೆ. ಚಿರೇಕಲ್ಲಿನ ತೂತುಗಳಲ್ಲಿ ಸಣ್ಣ ಅಕ್ಷರ ನಿಲ್ಲುವುದಿಲ್ಲ. ಹಾಗಾಗಿ ಹೆಸರು, ಇಸವಿ ಎಲ್ಲ ಬೇರೆ ಕಲ್ಲಿನ ಹಲಗೆಯಲ್ಲಿ ಇಲ್ಲವೇ ಗಾರೆಯಲ್ಲೇ ಇರುತ್ತವೆ. ಹಲಗೆ ಕಿತ್ತುಹೋದರೆ ಗೋರಿ ಅನಾಮಧೇಯ. ಮಳೆ, ಉಪ್ಪುಗಾಳಿಗೆ ಸಡಿಲವಾದ ಗಾರೆ ಬ್ರಷ್ ತಾಗಿದರೆ ಹಪ್ಪಳದಂತೆ ಏಳುತ್ತದೆ.

ಏನೇನು ಹಾಳು ಮಾಡುತ್ತದೆ ಎಂಬುದನ್ನು ಬಿಡಿಸಿಯೇ ಹೇಳಬೇಕು. ಹಿತ್ತಾಳೆ ಬೆಳಗಿದಂತೆ ಹುಣಸೆಹಣ್ಣು, ನಿಂಬೆ, ಆಸಿಡ್ ಹಚ್ಚಿದರೆ ಅಮೃತಶಿಲೆಯೂ ಗಾರೆಯೂ ಕರಗುತ್ತವೆ, ಎರಡೂ ಸುಣ್ಣದ ಅಂಶವೇ. ಬ್ಲೀಚಿಂಗ್ ಪೌಡರ್ ಬಿಟ್ಟುಹೋದ ಲವಣ ಕಲ್ಲಿನೊಳಗೆ ಹರಳುಗಟ್ಟಿ ಪದರ ಸೀಳುತ್ತದೆ. ಅಕ್ಷರ ಎದ್ದು ಕಾಣಲೆಂದು ಹಚ್ಚುವ ಮೈದಾ, ಅಕ್ಕಿಹಿಟ್ಟು ರಂಧ್ರಗಳಲ್ಲಿ ಕೂತು ಬೂಷ್ಟಿಗೆ ಆಹಾರವಾಗುತ್ತದೆ. ಶೇವಿಂಗ್ ಕ್ರೀಮ್ ತೊಳೆದರೂ ಪೂರ್ತಿ ಹೋಗದು. ತಂತಿ ಬ್ರಷ್, ತೆಂಗಿನ ಕಡ್ಡಿಯ ಹಿಡಿ ಎರಡೂ ಗೀರುತ್ತವೆ. ಕಲ್ಲುಹೂವನ್ನು ಉಗುರಿನಿಂದ ಕಿತ್ತರೆ ಅಕ್ಷರದ ಅಂಚೂ ಅದರ ಜೊತೆಗೇ ಬರುತ್ತದೆ. ಎರಡಿಂಚಿನ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಎಲೆ, ಮಣ್ಣು ಸರಿಸಿದರೆ ಸಾಕು. ಗಾರೆ ಅಲುಗುತ್ತಿದ್ದರೆ ಅದೂ ಬೇಡ.

ನಿಜವಾಗಿ ಬೇಕಾದದ್ದು ಓರೆ ಬೆಳಕು. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಾವಸೆ ಒಣಗಿರುತ್ತದೆ. ಬೆಳಿಗ್ಗೆ ಏಳೂವರೆ, ಎಂಟಕ್ಕೆ ಬಿಸಿಲು ಹಲಗೆಯನ್ನು ಸವರಿಕೊಂಡು ಹೋಗುವಾಗ ಸವೆದ ಗೆರೆಗೂ ನೆರಳು ಬೀಳುತ್ತದೆ; ನಡು ಮಧ್ಯಾಹ್ನ ಅದೇ ಕಲ್ಲು ಬೋಳು. ಬಿಸಿಲೇ ಬೀಳದ ಉತ್ತರಮುಖದ ಕಲ್ಲಿಗೆ ಕನ್ನಡಿ ಬೇಕು. ಒಬ್ಬರು ಎರಡು ಮೂರು ಮೀಟರ್ ದೂರ ಬಿಸಿಲಲ್ಲಿ ನಿಂತು ಪಕ್ಕದಿಂದ ಬೆಳಕು ಹಾಯಿಸಬೇಕು, ಇನ್ನೊಬ್ಬರು ಕೊಡೆ ಹಿಡಿದು ಉಳಿದ ಬೆಳಕು ತಡೆಯಬೇಕು. ಎಡದಿಂದ ಬಂದ ಬೆಳಕು ನಿಂತ ಗೆರೆಗಳನ್ನು ಎತ್ತಿ ತೋರಿಸುತ್ತದೆ, ಮಲಗಿದ ಗೆರೆಗಳಿಗೆ ಮೇಲಿನಿಂದ ಬೇಕು. ಒಂದೇ ಕಡೆಯ ಬೆಳಕು ನಂಬಿ 1ನ್ನು 7 ಎಂದೂ 3ನ್ನು 8 ಎಂದೂ ಓದಿದರೆ ಇಡೀ ವಂಶಾವಳಿ ತಲೆಕೆಳಗು. ಫೋನಿನ ಫ್ಲಾಶ್ ನೇರ ಎದುರಿನಿಂದ ಹೊಡೆಯುವುದರಿಂದ ನೆರಳನ್ನೇ ಅಳಿಸುತ್ತದೆ, ಅದನ್ನು ಆರಿಸಿಡಿ.

ಫೋನನ್ನು ಕಲ್ಲಿಗೆ ಸಮಾಂತರವಾಗಿ ಹಿಡಿದು, ಒಂದೂವರೆ ಮೀಟರ್ ಹಿಂದೆ ನಿಂತು ಎರಡು ಪಟ್ಟು ಜೂಮಿನಲ್ಲಿ ತೆಗೆದರೆ ಅಂಚು ಬಾಗುವುದಿಲ್ಲ. ಮೊದಲು ಸುತ್ತಲಿನ ಜಾಗ, ಆಮೇಲೆ ಇಡೀ ಗೋರಿ, ಆಮೇಲೆ ಹಲಗೆ, ಕೊನೆಗೆ ಸಾಲು ಸಾಲಾಗಿ, ಪ್ರತಿ ಚಿತ್ರವೂ ಹಿಂದಿನದರ ಮೂರನೇ ಒಂದು ಭಾಗ ಒಳಗೊಳ್ಳುವಂತೆ. ಕಲ್ಲಿಗೆ ಕೂರಿಸಿದ್ದ ಸೀಸದ ಅಕ್ಷರ ಉದುರಿದ್ದರೆ ಅದು ಕೂತಿದ್ದ ಸಣ್ಣ ತೂತುಗಳ ಚಿತ್ರ ತೆಗೆಯಿರಿ, ಅವುಗಳ ಸಾಲಿನಿಂದಲೇ ಅಕ್ಷರ ಊಹಿಸಬಹುದು. ಕುಸಿದ ಚಿರೇಕಲ್ಲ ರಾಶಿಗೆ ಕೈ ಹಾಕಬೇಡಿ, ಕೊಳಕುಮಂಡಲಕ್ಕೆ ಅಂಥ ಜಾಗ ಬಲು ಇಷ್ಟ.

ಅನುಮತಿಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಚರ್ಚಿನ ಆವರಣವಾದರೆ ಪಾದ್ರಿಗಳನ್ನು, ದರ್ಗಾ, ಮಸೀದಿಯಾದರೆ ಜಮಾತಿನ ಹಿರಿಯರನ್ನು ಕೇಳಬೇಕು. ಕಾರವಾರದ ನೌಕಾನೆಲೆಯ ಸುತ್ತ ಕ್ಯಾಮೆರಾ ತೆಗೆಯುವ ಮೊದಲು ನಿಷೇಧದ ಫಲಕ ಇದೆಯೇ ನೋಡಿಕೊಳ್ಳಿ. ಜಾಗ ಸಾಲದ ಸ್ಮಶಾನಗಳಲ್ಲಿ ಕೆಲವು ವರ್ಷಗಳ ಬಳಿಕ ಅದೇ ಗುಂಡಿಯನ್ನು ಮತ್ತೆ ತೆರೆಯುವುದುಂಟು. ಅಂಥ ಕಡೆ ಫೋಟೊ ತಡವಾದರೆ ತೆಗೆಯಲು ಏನೂ ಉಳಿದಿರುವುದಿಲ್ಲ. ಆದರೆ ಹೊಸ ಗೋರಿಯ ಚಿತ್ರವನ್ನು ಮನೆಯವರನ್ನು ಕೇಳದೆ ಹಂಚುವುದು ಬೇರೆಯೇ ಮಾತು. ನೂರು ವರ್ಷ ದಾಟಿದ ಕಲ್ಲಿಗೂ ಹೋದ ವರ್ಷದ ಕಲ್ಲಿಗೂ ಒಂದೇ ನಿಯಮ ಹಾಕಹೊರಟಾಗಲೇ ಜಗಳ ಏಳುವುದು.

ಚಿತ್ರದಲ್ಲಿ ಇಸವಿ ಸ್ಪಷ್ಟವಾದ ಮೇಲೂ ಹುಡುಕುವವರು ಒಂದೆಡೆ ಎಡವುತ್ತಾರೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಕ್ಕಿಂತ ಹಿಂದಿನ ಯುರೋಪಿಯನ್ನರ ಸಮಾಧಿ ನೋಂದಣಿಯನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮದ್ರಾಸ್ ದಾಖಲೆ ಸಾಲಿನಲ್ಲೂ ನಂತರದ್ದನ್ನು ಮುಂಬಯಿ ಸಾಲಿನಲ್ಲೂ ನೋಡಬೇಕು. 1860ರ ಕಾರವಾರದ ಗೋರಿಯನ್ನು ಮುಂಬಯಿ ಪಟ್ಟಿಯಲ್ಲಿ ಹುಡುಕಿ ‘ಇಲ್ಲ’ ಎಂದು ಬರೆದುಬಿಟ್ಟರೆ, ಆ ‘ಇಲ್ಲ’ ಮುಂದಿನವರ ಪಟ್ಟಿಗೂ ಹಾಗೇ ನಕಲಾಗುತ್ತದೆ.