ಹಸಿರು ಬಣ್ಣ ಹೊಡೆಸಿದರೆ ಮಲಗುವ ರೂಮು ತಂಪಾಗುತ್ತಾ?

ಪ್ರಶ್ನೆ: “ನಮ್ಮದು ದಾವಣಗೆರೆ ನಿಟುವಳ್ಳಿ ಕಡೆ ಮನೆ. ಮೇಲೆ ಬರೀ ತಾರಸಿ. ಯುಗಾದಿಗೆ ಮಲಗುವ ರೂಮಿಗೆ ಹಸಿರು ಬಣ್ಣ ಹೊಡೆಸೋಣ ಅಂತಿದ್ದೀವಿ. ಹಸಿರು ತಂಪು ಅಂತಾರಲ್ಲ, ಬೇಸಿಗೆಗೂ ಒಳ್ಳೇದಾಗುತ್ತೆ. ಯಾವ ಹಸಿರು ಹೊಡೆಸಿದರೆ ಜಾಸ್ತಿ ತಂಪು? ನಾಲ್ಕೂ ಗೋಡೆಗೆ ಹೊಡೆಸಬಹುದಾ?”

ಶಿವರಾತ್ರಿ ಕಳೆಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. 18 ವರ್ಷದಿಂದ ನಾನು ಮತ್ತು ನಮ್ಮ ಯಜಮಾನರು ಪೇಂಟ್ ಅಂಗಡಿ ನಡೆಸುತ್ತಿದ್ದೇವೆ. ಕೌಂಟರ್ ಹಿಂದೆ ನಿಂತು ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇವತ್ತು ಬರೆದೇ ಇಡುತ್ತೇನೆ.

ನಾಲ್ಕೂ ಗೋಡೆಗೆ ಧಾರಾಳವಾಗಿ ಹೊಡೆಸಿ, ತಿಳಿ ಹಸಿರಾದರೆ ಸಾಕು. ಆದರೆ ಯಾವ ಹಸಿರೂ ನಿಮ್ಮ ರೂಮನ್ನು ತಂಪು ಮಾಡುವುದಿಲ್ಲ. ಒಂದು ಡಿಗ್ರಿಯೂ ಇಳಿಸುವುದಿಲ್ಲ. ಜನ ಒಪ್ಪದೇ ಇರುವುದು ಇದನ್ನೇ, ಅದಕ್ಕೆ ಮೊದಲು ಇದನ್ನೇ ಬಿಡಿಸಿ ಹೇಳುತ್ತೇನೆ.

ರೂಮಿಗೆ ಬಿಸಿ ಎಲ್ಲಿಂದ ಬರುತ್ತದೆ? ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 38 ಡಿಗ್ರಿ ಆಸುಪಾಸು ಇರುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ಆ ಬಿಸಿಲೆಲ್ಲ ಬೀಳುವುದು ತಾರಸಿ ಮೇಲೆ. ಕಾಂಕ್ರೀಟು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮೇಲೆ ಬಿದ್ದ ಬಿಸಿ ಕೆಳಗಿನ ಸೀಲಿಂಗ್ ಮುಟ್ಟೋಕೆ ಕೆಲವು ಗಂಟೆ ಬೇಕು. ಅದಕ್ಕೇ ಸಂಜೆ ಅಂಗಳದಲ್ಲಿ ಹಿತವಾಗಿ ಗಾಳಿ ಬೀಸುತ್ತಿದ್ದರೂ, ಊಟ ಮುಗಿಸಿ ರೂಮಿಗೆ ಹೋದರೆ ಒಲೆ ಮುಂದೆ ಕೂತ ಹಾಗೆ ಆಗುವುದು. ದೋಸೆ ಹಂಚು ಒಲೆ ಆರಿಸಿದ ಮೇಲೂ ಎಷ್ಟೋ ಹೊತ್ತು ಬಿಸಿ ಇರುತ್ತದಲ್ಲ, ನಿಮ್ಮ ತಲೆ ಮೇಲಿನ ಸ್ಲ್ಯಾಬೂ ಅಂಥದ್ದೇ ಒಂದು ಹಂಚು. ಇವತ್ತೇ ರಾತ್ರಿ 9ಕ್ಕೆ ಫ್ಯಾನ್ ಆಫ್ ಮಾಡಿ, ಗಟ್ಟಿ ಸ್ಟೂಲ್ ಮೇಲೆ ನಿಂತು, ಅಂಗೈಯನ್ನು ಸೀಲಿಂಗ್‌ಗೆ ಒತ್ತಿ ನೋಡಿ. ಆಮೇಲೆ ಕೆಳಗಿಳಿದು ಗೋಡೆ ಮುಟ್ಟಿ ನೋಡಿ. ಯಾವುದು ನಿಮ್ಮ ನಿದ್ದೆ ಕೆಡಿಸುತ್ತಿದೆ ಅಂತ ಅಂಗೈಯೇ ಹೇಳುತ್ತದೆ.

ಆ ಬಿಸಿ ಸೀಲಿಂಗ್‌ನಿಂದ ನಿಮ್ಮ ಮೈಗೆ ಬರುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಕಿರಣವಾಗಿ. ಅದಕ್ಕೆ ಇನ್‌ಫ್ರಾರೆಡ್ ಅನ್ನುತ್ತಾರೆ. ಕಣ್ಣಿಗೆ ಕಾಣುವ ಬಣ್ಣ ಈ ಕಿರಣದ ಲೆಕ್ಕಕ್ಕೇ ಬರುವುದಿಲ್ಲ. ಬಿಳಿಯಾಗಲಿ, ಹಸಿರಾಗಲಿ, ಕಪ್ಪೇ ಆಗಲಿ, ಮಾಮೂಲಿ ಗೋಡೆ ಪೇಂಟ್ ಯಾವುದಾದರೂ ಈ ಕಿರಣದಲ್ಲಿ ನೂರಕ್ಕೆ ಸುಮಾರು 90 ಪಾಲು ಹೀರಿಕೊಳ್ಳುತ್ತದೆ, ಅಷ್ಟೇ ಸಲೀಸಾಗಿ ಹೊರಗೂ ಬಿಡುತ್ತದೆ. ಬಣ್ಣದಿಂದ ವ್ಯತ್ಯಾಸ ಆಗುವುದು ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ. ರಾತ್ರಿ 10ಕ್ಕೆ ನಿಮ್ಮ ಒಳಗೋಡೆ ಮೇಲೆ ಯಾವ ಬಿಸಿಲು ಬೀಳುತ್ತದೆ ಹೇಳಿ?

ನಾನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಅಕ್ಕಪಕ್ಕ ಎರಡು ರೂಮಿವೆ. ಅಳತೆ ಒಂದೇ, ತಾರಸಿ ಒಂದೇ, ಕಿಟಕಿ ಎರಡೂ ಪೂರ್ವಕ್ಕೆ. ಒಂದಕ್ಕೆ ಕೆನೆ ಬಣ್ಣ, ಇನ್ನೊಂದಕ್ಕೆ ಹಸಿರು. ಒಂದು ಏಪ್ರಿಲ್‌ನಲ್ಲಿ ಎರಡು ಗೋಡೆ ಥರ್ಮಾಮೀಟರ್ ತಂದು ನೇತು ಹಾಕಿದೆ. ಒಂದು ವಾರ ದಿನಾ ರಾತ್ರಿ ನೋಡಿ ಚೀಟಿಯಲ್ಲಿ ಬರೆದಿಟ್ಟೆ. ಥರ್ಮಾಮೀಟರೇ ಸರಿ ಇಲ್ಲ ಅಂತ ಯಾರೂ ಅನ್ನಬಾರದು ನೋಡಿ, ನಡುವೆ ಅದಲು ಬದಲು ಮಾಡಿಯೂ ನೋಡಿದೆ. ಎರಡೂ ಒಂದೇ ಗೀಟಿನಲ್ಲಿ ನಿಂತಿದ್ದವು. ಚೀಟಿ ತೋರಿಸಿದ ಮೇಲೂ ನಮ್ಮ ಅತ್ತೆ, “ಅದೆಲ್ಲ ನಂಗೊತ್ತಿಲ್ಲಮ್ಮ, ಹಸಿರು ರೂಮೇ ನಂಗೆ ತಂಪು” ಅಂತ ಅಲ್ಲೇ ಹಾಸಿಗೆ ಹಾಸಿಕೊಂಡರು. ಅವರ ಮಾತಿನಲ್ಲೂ ನಿಜ ಇದೆ. ಆ ಬಣ್ಣ ನೋಡಿದರೆ ಅವರ ಮನಸ್ಸಿಗೆ ಹಿತ. ಅದು ಸಣ್ಣ ವಿಷಯ ಅಲ್ಲ, ಮಲಗುವ ರೂಮಿಗೆ ಬಣ್ಣ ಆರಿಸುವುದೇ ಅದಕ್ಕೆ. ಆದರೆ ಮನಸ್ಸಿಗೆ ತಂಪು ಅನ್ನಿಸುವುದು ಬೇರೆ, ರೂಮಿನ ಬಿಸಿ ಇಳಿಯುವುದು ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಳ್ಳೋಕೆ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: “ಅಲ್ಲಕ್ಕಾರೆ, ಬೇವಿನ ಮರದ ಕೆಳಗೆ ತಂಪಿರಲ್ವಾ?” ಇರುತ್ತದೆ. ಅದು ನೆರಳಿನಿಂದ ಮತ್ತು ನೀರಿನಿಂದ. ಎಲೆ ಬೇರಿನ ನೀರನ್ನು ಆವಿ ಮಾಡಿ ಬಿಡುತ್ತದೆ, ಆವಿ ಹೋಗುವಾಗ ಬಿಸಿಯನ್ನೂ ಜೊತೆಗೆ ಒಯ್ಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವುದೂ ಹೀಗೇ. ಮಡಕೆ ಏನು ಹಸಿರಾಗಿರುತ್ತದಾ? ಚಿತ್ರದುರ್ಗದ ಬಂಡೆ ಬಯಲು ದಾಟಿ, ದಾವಣಗೆರೆ ಹಾದು, ಹರಿಹರದ ಕಡೆ ಬಸ್ಸಿನಲ್ಲಿ ಹೋಗಿ. ಭದ್ರಾ ಕಾಲುವೆಯ ಗದ್ದೆ ಶುರುವಾದ ಕಡೆ ಕಿಟಕಿಯಿಂದ ಬರುವ ಗಾಳಿಯೇ ಬದಲಾಗುತ್ತದೆ. ಅದು ಗದ್ದೆಯಲ್ಲಿ ನಿಂತ ನೀರು ಮಾಡುವ ಕೆಲಸ. ಪೇಂಟಿಗೆ ಬೇರಿಲ್ಲ, ನೀರಿಲ್ಲ. ನರ್ಸರಿಯವರು ಕಟ್ಟುವ ಹಸಿರು ಬಲೆ ಕೆಳಗೂ ತಂಪಿರುತ್ತದೆ, ಅದು ಬಲೆ ಬಿಸಿಲು ತಡೆಯುವುದರಿಂದ.

ಇನ್ನು ಕೆಲವರು ಆಸ್ಪತ್ರೆ ಕಡೆ ಕೈ ತೋರಿಸುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಹಸಿರು ಬಟ್ಟೆ ಹಾಕುವುದು ತಂಪಿಗೆ ತಾನೇ ಅಂತ. ಅಲ್ಲ. ಬಿಳಿ ಹಾಳೆ ಮೇಲೆ ಕುಂಕುಮದಲ್ಲಿ ದೊಡ್ಡದೊಂದು ಬೊಟ್ಟು ಇಡಿ. ರೆಪ್ಪೆ ಹೊಡೆಯದೆ ಅರ್ಧ ನಿಮಿಷ ಅದನ್ನೇ ನೋಡಿ, ಆಮೇಲೆ ಪಕ್ಕದ ಖಾಲಿ ಜಾಗ ನೋಡಿ. ಅಲ್ಲೊಂದು ಹಸಿರು ಬೊಟ್ಟು ತೇಲುತ್ತದೆ. ರಕ್ತವನ್ನೇ ನೋಡುತ್ತಾ ನಿಂತ ಡಾಕ್ಟರು ಬಿಳಿ ಬಟ್ಟೆ ಕಡೆ ಕಣ್ಣು ಹಾಯಿಸಿದರೆ ಇದೇ ಹಸಿರು ನೆರಳು ಕಾಡುತ್ತದೆ. ಬಟ್ಟೆಯೇ ಹಸಿರಾಗಿದ್ದರೆ ಆ ನೆರಳು ಅದರಲ್ಲಿ ಕರಗಿ ಹೋಗುತ್ತದೆ. ಬಿಳಿ ಬಟ್ಟೆಗೆ ಬೆಳಕು ಬಿದ್ದು ಕಣ್ಣು ಕುಕ್ಕುವುದೂ ತಪ್ಪುತ್ತದೆ.

ತಂಪು ಬೇಕಾದರೆ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ. ಮೇಲಿನ ಸಿಮೆಂಟು ಮಸಿ ಹಿಡಿದು ಕಪ್ಪಾಗಿರುತ್ತದೆ. ಅದನ್ನು ತಿಕ್ಕಿ ತೊಳೆದು, ಒಣಗಿಸಿ, ಎರಡು ಕೈ ಬಿಳಿ ಸುಣ್ಣ ಹೊಡೆಸಿ. ಇನ್ನಷ್ಟು ದುಡ್ಡು ಹಾಕುವುದಾದರೆ ಬಿಸಿಲು ವಾಪಸ್ ಕಳಿಸುವ ಬಿಳಿ ಪೇಂಟೇ ಸಿಗುತ್ತದೆ. ಬಿಳಿ ಬಣ್ಣಕ್ಕೆ ಬೆಲೆ ಇರುವುದು ಅಲ್ಲಿ, ಬಿಸಿಲು ನೇರ ಬೀಳುವ ಕಡೆ. ಸುಣ್ಣ ಮಳೆಗಾಲದಲ್ಲಿ ತೊಳೆದು ಹೋಗುತ್ತದೆ, ಮತ್ತೆ ಮುಂದಿನ ಫೆಬ್ರವರಿಗೆ ಹೊಡೆಸಬೇಕು, ಬೇಜಾರಾಗಬೇಡಿ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದು ಏನು ಪ್ರಯೋಜನ? ಹೊರಗಡೆ ಲಾವಂಚದ ಚಾಪೆ ಕಟ್ಟಿ ನೀರು ಚಿಮುಕಿಸಿದರೆ ಮಡಕೆಯ ಕೆಲಸ ಕಿಟಕಿಯಲ್ಲೇ ಆಗುತ್ತದೆ.

ಈಗ ಬಣ್ಣಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು.

ಅಂಗಡಿಗೆ ಬಂದು “ಹಸಿರು ಕೊಡಿ” ಅಂದರೆ ನಾನು ಏನು ಕೊಡಲಿ? ಶೇಡ್ ಕಾರ್ಡಿನಲ್ಲಿ ನೂರಾರು ಹಸಿರಿವೆ. ಅದಕ್ಕೇ ನಾನು ಗಿರಾಕಿಗಳಿಗೆ ಹೇಳುವುದು, ಮನೆಯಿಂದ ಒಂದು ಎಲೆ ತನ್ನಿ ಅಂತ. ಬಾಳೆ ಸುಳಿಯ ಎಳೆ ಹಸಿರು ಬೇರೆ, ಕರಿಬೇವಿನ ಹಸಿರು ಬೇರೆ. ವೀಳ್ಯದೆಲೆಯನ್ನೇ ತೆಗೆದುಕೊಳ್ಳಿ. ಮೇಲ್ಮೈ ಒಂದು ಬಣ್ಣ. ತಿರುಗಿಸಿ ನೋಡಿದರೆ ಹಿಂಬದಿ ಇನ್ನೊಂದು ಬಣ್ಣ, ಸ್ವಲ್ಪ ಬೂದಿ ಬೆರೆತ ಹಾಗೆ ಮಂಕಾಗಿ, ನರಗಳು ತೆಳ್ಳಗೆ ಬಿಳಿಚಿಕೊಂಡು. ಮಲಗುವ ರೂಮಿಗೆ ನಾನು ಹೇಳುವುದು ಆ ಹಿಂಬದಿಯ ಬಣ್ಣವನ್ನೇ. ಅದಕ್ಕೆ ಇನ್ನಷ್ಟು ಬಿಳಿ ಸೇರಿಸಿದರೆ ನಾಲ್ಕೂ ಗೋಡೆಗೆ ಸರಿ ಹೋಗುತ್ತದೆ.

ಗಿಳಿ ಹಸಿರು ಬೇಡ. ಹಗಲು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಅತಿ ಚುರುಕಾಗಿ ಕಾಣುವುದು 555 ನ್ಯಾನೋಮೀಟರ್ ಆಸುಪಾಸಿನ ಬೆಳಕು, ಅಂದರೆ ಹಳದಿಗೆ ವಾಲಿದ ಹಸಿರು. ಗದ್ದೆಯಲ್ಲಿ ಅದು ಚಂದ. ಮಂಚದ ಎದುರಿಗೆ ಅದು ಕೂಗಿ ಕರೆದ ಹಾಗೆ ಇರುತ್ತದೆ.

ಕಾರ್ಡಿನಲ್ಲಿ ನೋಡಿದ ಬಣ್ಣ ಗೋಡೆಗೆ ಬಂದಾಗ ಯಾಕೆ ಗಾಢವಾಯಿತು ಅಂತ ಎಷ್ಟೋ ಜನ ಜಗಳಕ್ಕೇ ಬಂದಿದ್ದಾರೆ. ಅಂಗಡಿಯವರು ತಪ್ಪು ಬೆರೆಸಿಲ್ಲ. ನಾಲ್ಕು ಗೋಡೆ ಒಂದೇ ಬಣ್ಣ ಇದ್ದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ, ಹಸಿರಿಗೆ ಹಸಿರು ಸೇರಿ ಹೆಚ್ಚಾಗುತ್ತದೆ. ಹಾಗಾಗಿ ನಿಮಗೆ ಇಷ್ಟವಾದ ಶೇಡಿಗಿಂತ ಒಂದು ಮೆಟ್ಟಿಲು ತಿಳಿ ಬಣ್ಣದ್ದು ಆರಿಸಿ. ಸೀಲಿಂಗ್ ಬಿಳಿಯೇ ಇರಲಿ. ಗಾಢ ಹಸಿರು ಬೇಕೇ ಬೇಕು ಅಂದರೆ ತಲೆದಿಂಬಿನ ಹಿಂದಿನ ಒಂದು ಗೋಡೆಗೆ ಮಾತ್ರ ಹೊಡೆಸಿ, ಮಲಗಿದಾಗ ಅದು ಕಣ್ಣಿಗೆ ಬೀಳುವುದಿಲ್ಲ.

ಬೆಳಕು ನೋಡದೆ ಬಣ್ಣ ಆರಿಸಬೇಡಿ. 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ಟ್ಯೂಬ್ ಕೆಳಗೆ ಹಸಿರು ನೀಲಿಗೆ ತಿರುಗುತ್ತದೆ. 3000 ಕೆಲ್ವಿನ್ನಿನ ಹಳದಿ ಬಲ್ಬಿನ ಕೆಳಗೆ ಅದೇ ಹಸಿರು ಬೆಚ್ಚಗೆ ಕಾಣುತ್ತದೆ. ಪಶ್ಚಿಮಕ್ಕೆ ಕಿಟಕಿ ಇದ್ದರೆ ಸಂಜೆ ಬಿಸಿಲಿಗೆ ಹಳದಿ ಹಸಿರು ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಉತ್ತರದ ಕಿಟಕಿಗೆ ನೀಲಿ ಹಸಿರು ಮಂಕು ಹೊಡೆಯುತ್ತದೆ. ಒಂದು ಸಣ್ಣ ಸ್ಯಾಂಪಲ್ ಡಬ್ಬಿ ಕೊಳ್ಳಿ. ಎರಡಡಿ ಉದ್ದಗಲದ ದಪ್ಪ ರಟ್ಟಿಗೆ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಇಟ್ಟು ಬೆಳಗ್ಗೆ, ಸಂಜೆ 4ಕ್ಕೆ, ರಾತ್ರಿ ಲೈಟ್ ಹಾಕಿದಾಗ ನೋಡಿ. ಎರಡು ದಿನ ತಡವಾದರೂ ಪರವಾಗಿಲ್ಲ, ಮೇಸ್ತ್ರಿ ಕಾಯುತ್ತಾರೆ.

ಹಳೇ ಮನೆಗಳಲ್ಲಿ ಕೆಂಪು ರೆಡ್ ಆಕ್ಸೈಡ್ ನೆಲ ಇರುತ್ತದೆ. ಕೆಂಪು, ಹಸಿರು ಎದುರುಬದುರು ಬಣ್ಣಗಳು, ಪಕ್ಕ ಪಕ್ಕ ಇಟ್ಟರೆ ಒಂದನ್ನೊಂದು ಕೆರಳಿಸುತ್ತವೆ. ಅಂಥ ನೆಲಕ್ಕೆ ಬೂದಿ ಬೆರೆತ ತಿಳಿ ಹಸಿರು ಬಿಟ್ಟು ಬೇರೆ ಹಚ್ಚಬೇಡಿ. ಫಿನಿಶ್ ಮ್ಯಾಟ್ ಇರಲಿ. ಹಳೇ ಸರ್ಕಾರಿ ಕಚೇರಿಯಲ್ಲಿ ಅರ್ಧ ಗೋಡೆಗೆ ಹೊಡೆಯುತ್ತಿದ್ದ ಹೊಳೆಯುವ ಹಸಿರು ನೆನಪಾಗುವುದು ಹೊಳಪಿನಿಂದಲೇ, ಬಣ್ಣದಿಂದ ಅಲ್ಲ. ಇನ್ನೊಂದು, ಕನ್ನಡಿ. ಹಸಿರು ಗೋಡೆಗೆ ಬಡಿದು ಬಂದ ಬೆಳಕು ಮುಖಕ್ಕೆ ಬಿದ್ದರೆ ಕಾಯಿಲೆ ಬಿದ್ದವರ ಹಾಗೆ ಕಾಣುತ್ತೀರಿ. ಕನ್ನಡಿ ಮುಂದೆ ನಿಂತಾಗ ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವ ಹಾಗೆ ಇಡಿ. ಬೆಡ್‌ಶೀಟು, ಪರದೆಗೆಲ್ಲ ಅದೇ ಹಸಿರು ಹುಡುಕಿಕೊಂಡು ಅಲೆಯಬೇಡಿ. ಒಂದು ಗಾಢ, ಒಂದು ಮಧ್ಯಮ, ಜೊತೆಗೆ ತೇಗದ ಮಂಚದ ಕಂದು ಇದ್ದರೆ ಸಾಕು.

ಇನ್ನೊಂದನ್ನು ನೀವು ಕೇಳಿಲ್ಲ. ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಗೋಡೆಗೆ ಹೊಸ ಹಸಿರು ಹೊಡೆಯುವಾಗ ಕಿಟಕಿಯ ಹಳೇ ಹಸಿರನ್ನು ಉಜ್ಜಿ ತೆಗೆಯುತ್ತಾರೆ.

ಹಸಿರು ಬಣ್ಣಕ್ಕೆ ಕೆಟ್ಟ ಚರಿತ್ರೆ ಇದೆ. 1775ರಲ್ಲಿ ಸ್ವೀಡನ್ನಿನ ಶೀಲೆ ಅನ್ನುವ ರಸಾಯನ ವಿಜ್ಞಾನಿ ತಾಮ್ರಕ್ಕೆ ಆರ್ಸೆನಿಕ್, ಅಂದರೆ ಪಾಷಾಣ ಸೇರಿಸಿ ಚಂದದ ಹಸಿರು ಮಾಡಿದ. ಮುಂದಿನ ಶತಮಾನದಲ್ಲಿ ಯುರೋಪಿನ ಮನೆಗಳ ಗೋಡೆಗೆ ಅಂಟಿಸುವ ಕಾಗದಕ್ಕೆಲ್ಲ ಅದನ್ನು ಬಳಸಿದರು. ಈಗ ಅದು ಯಾವ ಅಂಗಡಿಯಲ್ಲೂ ಇಲ್ಲ, ಹೆದರಬೇಡಿ. ಹೆದರಬೇಕಾದ್ದು ಸೀಸಕ್ಕೆ. ಕ್ರೋಮ್ ಗ್ರೀನ್ ಅನ್ನುವ ಹಳೇ ಹಸಿರು ತಯಾರಾಗುತ್ತಿದ್ದುದು ಸೀಸ ಇರುವ ಹಳದಿಗೆ ನೀಲಿ ಬೆರೆಸಿ. ನಮ್ಮ ದೇಶದಲ್ಲಿ ಮನೆ ಪೇಂಟಿನ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಹಾಕಿದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದೆ ಕಿಟಕಿ ಬಾಗಿಲಿಗೆ ಹೊಡೆದ ಹಸಿರು ಆಯಿಲ್ ಪೇಂಟ್ ನಿಮ್ಮ ಮನೆಯಲ್ಲಿದ್ದರೆ ಅದರಲ್ಲಿ ಸೀಸ ಇದೆ ಅಂತಲೇ ತಿಳಿದು ಕೆಲಸ ಮಾಡಿಸಿ. ಆ ದೂಳು ಚಿಕ್ಕ ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋದರೆ ಅವರ ಮಿದುಳಿನ ಬೆಳವಣಿಗೆಗೇ ಪೆಟ್ಟು. ಬಸುರಿಯರೂ ಅಲ್ಲಿರಬಾರದು.

ಪೇಂಟ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಕೆರೆಯುವುದೇ ಬೇಡ, ಮೇಲೆ ಹೊಸದು ಹೊಡೆಸಿ. ಎದ್ದು ಬರುತ್ತಿದ್ದರೆ ಒಣ ಎಮರಿ ಪೇಪರ್‌ನಲ್ಲಿ ಉಜ್ಜೋಕೆ ಬಿಡಬೇಡಿ, ಬೆಂಕಿ ಹಿಡಿದು ಸುಡಿಸಲೂ ಬೇಡಿ. ನೀರು ಹಚ್ಚಿ ಹಚ್ಚಿ ಒದ್ದೆ ಇದ್ದಾಗಲೇ ಉಜ್ಜಲಿ. ಮೇಸ್ತ್ರಿಗೆ ಒಳ್ಳೇ ಮಾಸ್ಕ್ ಕೊಡಿಸಿ, ಅವರೂ ಮಕ್ಕಳಿರುವವರು, ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗು ಎತ್ತಿಕೊಳ್ಳುತ್ತಾರೆ. ಕೆಳಗೆ ಪ್ಲಾಸ್ಟಿಕ್ ಹಾಸಿ. ಬಿದ್ದದ್ದನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಪ್ಲಾಸ್ಟಿಕ್ ಜೊತೆ ಸುತ್ತಿ ಕಟ್ಟಿ ಬೇರೆ ಇಡಿ. ಮಕ್ಕಳನ್ನು ಆ ಎರಡು ದಿನ ಅಜ್ಜಿ ಮನೆಗೆ ಕಳಿಸಿ.